ಎಳೆಯ ಮಕ್ಕಳ ಪರಿಸರ ಪಾಠ ಭಯದಿಂದ ಆರಂಭವಾಗದಿರಲಿ: ಪಠ್ಯಕ್ರಮ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂರರಿಂದ ಎಂಟು ವರ್ಷದವರೆಗಿನ ಮಕ್ಕಳು ಏನನ್ನು, ಯಾವ ಕ್ರಮದಲ್ಲಿ, ಯಾವ ಮಾತುಗಳಲ್ಲಿ ಕಲಿಯಬೇಕು ಎಂಬುದನ್ನು ನಿರ್ಧರಿಸುವವರು ನೀವು. ಆ ವಯಸ್ಸಿನ ಮಕ್ಕಳ ನಡುವೆ ಕುಳಿತು ಪಾಠ ಹೇಳುವುದು ನನ್ನ ಕೆಲಸ. ಮಾಲಿನ್ಯದ ಬಗ್ಗೆ, ಪರಿಸರವನ್ನು ಕಾಪಾಡಿಕೊಳ್ಳುವುದರ ಬಗ್ಗೆ ಈ ಮಕ್ಕಳಿಗೆ ಹೇಳಿಕೊಡುತ್ತಿರುವ ರೀತಿಯನ್ನು ಕುರಿತು ನಿಮ್ಮೊಡನೆ ಎಲ್ಲರೂ ಓದುವಂತೆ ಮಾತನಾಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಇದು ತರಗತಿಯ ಒಳಗೇ ಮುಗಿಯುವ ವಿಷಯವಲ್ಲ. ಮನೆಯಲ್ಲಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ತಂದೆತಾಯಿಯರಿಗೂ ಇದರಲ್ಲಿ ಪಾಲಿದೆ. ನನ್ನ ಕೋರಿಕೆ ಇಷ್ಟೇ: ಎಳೆಯ ಮಕ್ಕಳಿಗೆ ಕಲಿಸುವ ಪರಿಸರ ಪಾಠವನ್ನು ಭಯದಿಂದ ಆರಂಭಿಸಬೇಡಿ, ಮತ್ತು ಹಿರಿಯರು ಮಾಡಿದ ಹಾನಿಯನ್ನು ಸರಿಪಡಿಸುವ ಹೊಣೆಯನ್ನು ಅವರ ಹೆಗಲಿಗೆ ಏರಿಸಬೇಡಿ.

ಈಗ ಬಳಕೆಯಲ್ಲಿರುವ ಪಾಠಗಳನ್ನು ಒಮ್ಮೆ ಮಗುವಿನ ಕಣ್ಣಿನಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕಣ್ಣೀರು ಸುರಿಸುವ ಭೂಮಿ, ಕಪ್ಪು ಹೊಗೆ ಉಗುಳುವ ಚಿಮಣಿ, ಹೊಟ್ಟೆ ಮೇಲಾಗಿ ತೇಲುವ ಮೀನು, ಕಡಿದುರುಳಿಸಿದ ಮರದ ಬುಡದಲ್ಲಿ ಅಳುವ ಹಕ್ಕಿ. ಇವೆಲ್ಲದರ ಕೆಳಗೆ ‘ಭೂಮಿಯನ್ನು ಉಳಿಸಿ’ ಎಂಬ ಘೋಷಣೆ. ದೊಡ್ಡವರಾದ ನಮಗೆ ಇದೊಂದು ರೂಪಕ ಎಂದು ಗೊತ್ತು. ಐದು ವರ್ಷದ ಮಗುವಿಗೆ ಅದು ರೂಪಕವಲ್ಲ. ಚಿಕ್ಕ ಮಕ್ಕಳು ನಿರ್ಜೀವ ವಸ್ತುಗಳಿಗೂ ಜೀವ, ಇಚ್ಛೆ, ನೋವುಗಳಿವೆ ಎಂದು ನಂಬುತ್ತಾರೆಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಸುಮಾರು ನೂರು ವರ್ಷಗಳ ಹಿಂದೆಯೇ ವಿವರವಾಗಿ ದಾಖಲಿಸಿದ್ದರು. ಆ ವಯಸ್ಸಿನಲ್ಲಿ ಅಳುತ್ತಿರುವ ಭೂಮಿ ನಿಜವಾಗಿಯೇ ಅಳುತ್ತಿರುತ್ತದೆ, ಮತ್ತು ಅದು ನಾವು ನಿಂತಿರುವ ನೆಲವೇ ಆಗಿರುತ್ತದೆ. ದೂರ ಎಂದರೆ ಎಷ್ಟು ದೂರ, ಮುಂದೆ ಎಂದರೆ ಎಷ್ಟು ವರ್ಷಗಳ ಮುಂದೆ ಎಂಬ ಅಳತೆ ಇನ್ನೂ ಮನಸ್ಸಿನಲ್ಲಿ ಮೂಡದ ಮಗುವಿಗೆ, ಶತಮಾನದ ಕೊನೆಗೆ ಆಗಬಹುದಾದದ್ದೂ ನಾಳೆ ಬೆಳಗ್ಗೆ ಆಗುವುದೂ ಒಂದೇ. ‘ಭೂಮಿ ಸತ್ತು ಹೋದರೆ ನಾವು ಎಲ್ಲಿಗೆ ಹೋಗುವುದು?’ ಎಂದು ಪಾಠ ಮುಗಿದ ಮೇಲೆ ಮಗುವೊಂದು ಕೇಳಿದರೆ ಅದನ್ನು ಮುಗ್ಧ ಪ್ರಶ್ನೆಯೆಂದು ನಕ್ಕು ಸುಮ್ಮನಾಗುವಂತಿಲ್ಲ. ಆ ಮಗು ನಾವು ಹೇಳಿದ್ದನ್ನು ಅಕ್ಷರಶಃ ನಂಬಿದೆ.

ಈ ಭಯ ವಯಸ್ಸಾದಂತೆ ತಾನಾಗಿ ಕರಗಿಹೋಗುತ್ತದೆ ಎಂದುಕೊಳ್ಳಲು ಆಧಾರವಿಲ್ಲ. ಹತ್ತು ದೇಶಗಳಲ್ಲಿ 16ರಿಂದ 25 ವರ್ಷ ವಯಸ್ಸಿನ 10,000 ಮಂದಿಯನ್ನು ಮಾತನಾಡಿಸಿ 2021ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಹವಾಮಾನ ಬದಲಾವಣೆಯ ಬಗ್ಗೆ ತಮಗೆ ಬಹಳ ಅಥವಾ ಅತಿಯಾದ ಆತಂಕವಿದೆ ಎಂದವರು 59 ಶೇಕಡಾ. ಆ ಆತಂಕ ತಮ್ಮ ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿದೆ ಎಂದವರು 45 ಶೇಕಡಾಕ್ಕೂ ಹೆಚ್ಚು. ಅವರ ಆತಂಕಕ್ಕೆ ಕಾರಣಗಳು ನಿಜವಾದವು. ಅದನ್ನು ರೋಗವೆಂದು ಕರೆಯಲು ನಾನು ಒಪ್ಪುವುದಿಲ್ಲ. ಆದರೆ ಯುವಕರಿಗೇ ಇಷ್ಟು ಭಾರವಾದದ್ದನ್ನು, ಓದಲು ಬರೆಯಲು ಈಗಷ್ಟೇ ಕಲಿಯುತ್ತಿರುವವರ ಮುಂದೆ ಯಾವ ಸಿದ್ಧತೆಯೂ ಇಲ್ಲದೆ ಇಡುತ್ತಿದ್ದೇವಲ್ಲ ಎಂಬುದೇ ನನ್ನ ಸಂಕಟ. ಹೆದರಿದ ಮಗು ಎರಡರಲ್ಲಿ ಒಂದನ್ನು ಮಾಡುತ್ತದೆ: ಅದನ್ನೇ ನೆನೆದು ಕೊರಗುತ್ತದೆ, ಇಲ್ಲವೇ ಆ ವಿಷಯದಿಂದ ಮುಖ ತಿರುಗಿಸಿಕೊಳ್ಳುತ್ತದೆ. ತರಗತಿಯಲ್ಲಿ ಎರಡನೆಯ ಬಗೆಯವರು ನಮ್ಮ ಗಮನಕ್ಕೇ ಬರುವುದಿಲ್ಲ, ಏಕೆಂದರೆ ಘೋಷಣೆಗಳನ್ನು ಅವರೂ ಎಲ್ಲರೊಡನೆ ಸೇರಿ ಜೋರಾಗಿಯೇ ಕೂಗುತ್ತಿರುತ್ತಾರೆ.

ಹಾಗೆಂದು ಮಾಲಿನ್ಯದ ವಿಷಯವನ್ನು ಮಕ್ಕಳಿಂದ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಮುಚ್ಚಿಡಲು ಸಾಧ್ಯವೂ ಇಲ್ಲ, ಏಕೆಂದರೆ ಅದರ ಪೆಟ್ಟು ಮೊದಲು ಬೀಳುವುದು ಅವರ ಮೇಲೆಯೇ. ವಯಸ್ಕರು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ ಚಿಕ್ಕ ಮಕ್ಕಳು ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ಒಳಗೆಳೆದುಕೊಳ್ಳುವ ಗಾಳಿಯ ಪ್ರಮಾಣ ನಮ್ಮದಕ್ಕಿಂತ ಹೆಚ್ಚು. ಅವರ ಎತ್ತರ ಕಡಿಮೆಯಾದ್ದರಿಂದ ವಾಹನಗಳ ಹೊಗೆಕೊಳವೆಗೆ ಅವರ ಮೂಗು ಹತ್ತಿರ. ನೆಲದ ಮೇಲೆ ಆಡಿದ ಕೈ ತೊಳೆಯುವ ಮೊದಲೇ ಬಾಯಿಗೆ ಹೋಗುತ್ತದೆ. 15 ವರ್ಷದೊಳಗಿನ ಮಕ್ಕಳಲ್ಲಿ 93 ಶೇಕಡಾ ಮಂದಿ ಆರೋಗ್ಯಕ್ಕೆ ಅಪಾಯಕಾರಿಯಾದ ಗಾಳಿಯನ್ನು ಉಸಿರಾಡುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಸೀಸದ ವಿಷಯವಂತೂ ಇನ್ನೂ ಕಳವಳಕಾರಿ. ಹೊಟ್ಟೆಗೆ ಸೇರಿದ ಸೀಸವನ್ನು ಎಳೆಯ ಮಕ್ಕಳ ದೇಹ ವಯಸ್ಕರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ, ಅದು ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ, ಮತ್ತು ಇಷ್ಟರವರೆಗೆ ಇದ್ದರೆ ತೊಂದರೆಯಿಲ್ಲ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ, ಅಂದರೆ ಹತ್ತಿರ ಹತ್ತಿರ 80 ಕೋಟಿ ಮಕ್ಕಳಲ್ಲಿ, ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಮ್ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು.

ಈ ಅಂಕಿಗಳು ನಿಮಗಾಗಿ, ಮಗುವಿಗಾಗಿ ಅಲ್ಲ. ಮಗುವಿಗೆ ಬೇಕಾದದ್ದು ಇವುಗಳಿಂದ ಹುಟ್ಟುವ, ತನ್ನ ಕೈಯಳತೆಯಲ್ಲಿರುವ ತಿಳಿವಳಿಕೆ. ಗೋಡೆಯಿಂದ ಕಳಚಿ ಬೀಳುವ ಹಳೆಯ ಬಣ್ಣದ ಚೂರುಗಳಲ್ಲಿ ಸೀಸವಿರಬಹುದು, ಅದನ್ನು ಮುಟ್ಟಬಾರದು, ಬಾಯಿಗೆ ಹಾಕಬಾರದು. ನೆಲದಲ್ಲಿ ಆಡಿದ ಮೇಲೆ, ಊಟಕ್ಕೆ ಕೂರುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಒಣ ಬಟ್ಟೆಯಿಂದ ಕೊಡವಿದ ಧೂಳು ಮತ್ತೆ ಗಾಳಿಗೇ ಏರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಟ್ಟೆಯಲ್ಲೇ ಉಳಿಯುತ್ತದೆ. ಎಂಜಿನ್ ಚಾಲೂ ಇರುವ ವಾಹನದ ಹಿಂದೆ ನಿಲ್ಲಬಾರದು. ಕಸ ಸುಡುತ್ತಿರುವ ಕಡೆಗೆ ಹೋಗಬಾರದು. ಇವು ಭಯ ಹುಟ್ಟಿಸುವ ಮಾತುಗಳಲ್ಲ. ರಸ್ತೆ ದಾಟುವುದನ್ನು ಕಲಿಸುವಾಗ ನಾವು ಅಪಘಾತದ ಚಿತ್ರಗಳನ್ನು ತೋರಿಸುತ್ತಾ ಕೂರುವುದಿಲ್ಲ. ಎರಡೂ ಕಡೆ ನೋಡಿ ದಾಟು ಎನ್ನುತ್ತೇವೆ. ಮಾಲಿನ್ಯದ ಪಾಠಕ್ಕೂ ಅಷ್ಟೇ ಶಾಂತವಾದ ಧ್ವನಿ ಸಾಕು.

ಇನ್ನು ಕ್ರಮದ ಮಾತು. ಪರಿಚಯವಿಲ್ಲದ್ದನ್ನು ಕಾಪಾಡು ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಮೊದಲ ವರ್ಷಗಳ ಪಠ್ಯದಲ್ಲಿ ‘ಮಾಲಿನ್ಯ’ ಎಂಬ ಶಬ್ದವೇ ಇರದಿದ್ದರೂ ನಷ್ಟವಿಲ್ಲ. ಒಂದು ಮರ ಇದ್ದರೆ ಸಾಕು. ಶಾಲೆಯ ಹತ್ತಿರದ ಒಂದೇ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಬಳಿಗೆ ಹೋಗಿ ಬರುವ ತರಗತಿಯನ್ನು ಊಹಿಸಿಕೊಳ್ಳಿ. ತೊಗಟೆಯನ್ನು ಮುಟ್ಟಿ ನೋಡುವುದು, ಉದುರಿದ ಎಲೆಗಳಲ್ಲಿ ಹುಳು ತಿಂದವು ಎಷ್ಟೆಂದು ಎಣಿಸುವುದು, ಇರುವೆಗಳ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೆಂದು ಹಿಂಬಾಲಿಸುವುದು, ಮಧ್ಯಾಹ್ನದ ಬಿಸಿಲಿನಲ್ಲಿ ನೆರಳಿನ ನೆಲವನ್ನೂ ಬಯಲಿನ ನೆಲವನ್ನೂ ಅಂಗೈಯಿಂದ ಮುಟ್ಟಿ ಹೋಲಿಸುವುದು. ಕೆಲವು ತಿಂಗಳಾದ ಮೇಲೆ ಆ ಮಕ್ಕಳಿಗೆ ಮರದ ಉಪಯೋಗಗಳನ್ನು ಪಟ್ಟಿ ಮಾಡಿ ಹೇಳಬೇಕಾಗಿ ಬರುವುದಿಲ್ಲ. ಆ ಮರದ ಕೊಂಬೆಯನ್ನು ಯಾರಾದರೂ ಮುರಿದರೆ ಏಕೆ ಮುರಿದಿರೆಂದು ಅವರೇ ಕೇಳುತ್ತಾರೆ. ಆ ಪ್ರಶ್ನೆ ಅವರಲ್ಲಿ ಹುಟ್ಟಿದ ಮೇಲೆ ಮುಂದಿನ ಪಾಠ ಸುಲಭ. ತೊಗಟೆಯ ಮೇಲೆ ಬೆಳೆಯುವ ಕಲ್ಲುಹೂವುಗಳ ಪೈಕಿ ಹಲವು ಜಾತಿಗಳು ಗಾಳಿಯಲ್ಲಿನ ಗಂಧಕದ ಡೈಆಕ್ಸೈಡನ್ನು ತಾಳಲಾರವು, ಆದ್ದರಿಂದಲೇ ವಿಜ್ಞಾನಿಗಳು ಅವುಗಳನ್ನು ನೋಡಿ ಗಾಳಿಯ ಸ್ಥಿತಿಯನ್ನು ಅಂದಾಜಿಸುತ್ತಾರೆ ಎಂಬುದನ್ನು ಏಳೆಂಟು ವರ್ಷದ ಮಗುವಿಗೆ ಹೇಳಿದರೆ, ಅದು ಪರಿಚಿತ ಮರದ ತೊಗಟೆಯನ್ನೇ ಹೊಸ ಕಣ್ಣಿನಿಂದ ನೋಡತೊಡಗುತ್ತದೆ.

ಪರಿಚಯವಾದ ಮೇಲೆ ಎರಡು ಪ್ರಶ್ನೆಗಳು ಸಾಕು: ಇದು ಎಲ್ಲಿಂದ ಬಂತು? ಇದು ಎಲ್ಲಿಗೆ ಹೋಗುತ್ತದೆ? ಪರಿಸರ ವಿಜ್ಞಾನದ ಬಹುಪಾಲು ಈ ಎರಡು ಪ್ರಶ್ನೆಗಳ ನಡುವೆಯೇ ಇದೆ, ಮತ್ತು ನಾಲ್ಕು ವರ್ಷದ ಮಗು ಇವನ್ನು ಯಾರೂ ಕಲಿಸದೆಯೇ ಕೇಳುತ್ತದೆ. ಕೈ ತೊಳೆದ ನೀರು ಎಲ್ಲಿಗೆ ಹೋಯಿತು? ಬುಟ್ಟಿಗೆ ಎಸೆದ ಹಾಳೆ ಎಲ್ಲಿಗೆ ಹೋಯಿತು? ಉತ್ತರವನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸುವ ಬದಲು ಮಕ್ಕಳೊಡನೆ ಅದನ್ನು ಹುಡುಕಿಕೊಂಡು ಹೋಗಲು ಶಿಕ್ಷಕರಿಗೆ ಸಮಯ ಕೊಡಿ.

ಇದಕ್ಕೆ ದುಬಾರಿ ಸಲಕರಣೆಗಳೇನೂ ಬೇಕಿಲ್ಲ. ಒಂದು ಒಣ ಎಲೆ, ಒಂದು ಹಣ್ಣಿನ ಸಿಪ್ಪೆ, ಒಂದು ಕಾಗದದ ತುಂಡು, ಒಂದು ಪ್ಲಾಸ್ಟಿಕ್ ಚೀಲದ ತುಂಡು ಇವನ್ನು ಅಕ್ಕಪಕ್ಕದಲ್ಲಿ ಮಣ್ಣಿನಲ್ಲಿ ಹೂತು, ಗುರುತಿನ ಕಡ್ಡಿ ನೆಟ್ಟು, ಆಗಾಗ ನೀರು ಚಿಮುಕಿಸಿ, ಕೆಲವು ವಾರಗಳಾದ ಮೇಲೆ ಅಗೆದು ನೋಡಬೇಕು. ಸಿಪ್ಪೆ ಗುರುತು ಸಿಗದಂತಾಗಿರುತ್ತದೆ, ಕಾಗದ ಮೆತ್ತಗಾಗಿ ಹರಿದಿರುತ್ತದೆ, ಪ್ಲಾಸ್ಟಿಕ್ ಮಾತ್ರ ಹೂತಾಗ ಇದ್ದಂತೆಯೇ ಇರುತ್ತದೆ. ‘ಪ್ಲಾಸ್ಟಿಕ್ ಕೊಳೆಯುವುದಿಲ್ಲ’ ಎಂಬ ವಾಕ್ಯವನ್ನು ಆ ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ. ಹಾಗೆಯೇ, ಬಿಳಿಯ ರಟ್ಟಿನ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ, ಒಂದನ್ನು ತರಗತಿಯ ಒಳಗೂ ಒಂದನ್ನು ಕಿಟಕಿಯ ಹೊರಗೂ ಇನ್ನೊಂದನ್ನು ರಸ್ತೆಯ ಬದಿಗೂ ತೂಗುಹಾಕಿ, ಮೂರನ್ನೂ ಭೂತಗನ್ನಡಿಯಿಂದ ನೋಡಿಸಬಹುದು. ಇಲ್ಲಿ ಶಿಕ್ಷಕರು ಒಂದು ಮಾತನ್ನು ತಪ್ಪದೆ ಸೇರಿಸಬೇಕು: ರಟ್ಟಿನ ಮೇಲೆ ಕಾಣುವುದು ದಪ್ಪ ಧೂಳು, ಶ್ವಾಸಕೋಶದ ಆಳಕ್ಕೆ ಇಳಿಯುವ, 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ತಲೆಗೂದಲಿನ ದಪ್ಪದ ಇಪ್ಪತ್ತು ಮೂವತ್ತರಲ್ಲಿ ಒಂದು ಭಾಗದಷ್ಟಿದ್ದು, ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ.

ಕಾಣುವುದಕ್ಕೂ ಇರುವುದಕ್ಕೂ ಇರುವ ಈ ವ್ಯತ್ಯಾಸವನ್ನು ಕಲಿಸಲು ನೀರಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಜಲ್ಲಿ, ಮರಳು, ಹತ್ತಿ ಪದರಪದರವಾಗಿ ತುಂಬಿದ ಬಾಟಲಿಯಲ್ಲಿ ಕೆಸರುನೀರನ್ನು ಸೋಸುವ ಪ್ರಯೋಗ ಅನೇಕ ಪುಸ್ತಕಗಳಲ್ಲಿದೆ. ತಿಳಿನೀರು ಹನಿಹನಿಯಾಗಿ ಇಳಿದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪಾಠ ಅಲ್ಲಿಗೆ ಮುಗಿಯುತ್ತದೆ. ಅಲ್ಲಿ ಮುಗಿಸುವುದು ಅಪಾಯ. ಅದರ ಬೆನ್ನಿಗೇ ಸಕ್ಕರೆ ಕರಗಿಸಿದ ಶುದ್ಧ ಕುಡಿಯುವ ನೀರನ್ನು ಮಕ್ಕಳ ಮುಂದಿಟ್ಟು, ಇದರಲ್ಲಿ ಏನಾದರೂ ಕಾಣುತ್ತಿದೆಯೇ ಎಂದು ಕೇಳಿ, ಆಮೇಲೆ ರುಚಿ ನೋಡಿಸಬೇಕು. ಕಣ್ಣಿಗೆ ಕಾಣದ್ದು ನೀರಿನಲ್ಲಿ ಇರಬಹುದು, ಸೋಸಿದ ನೀರು ತಿಳಿಯಾದೀತೇ ಹೊರತು ಕುಡಿಯಲು ಯೋಗ್ಯವೆಂದು ಹೇಳಲಾಗದು ಎಂಬುದು ಆಗ ಅವರಿಗೆ ನಾಲಿಗೆಯಿಂದಲೇ ಗೊತ್ತಾಗುತ್ತದೆ. ಸೋಸಿದ ನೀರನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯೂ ಪಾಠದ ಪುಟದಲ್ಲೇ ಇರಬೇಕು. ಹಕ್ಕಿಯಿಂದ ಉದುರಿದ ಗರಿಯೊಂದನ್ನು ಮೊದಲು ನೀರಿನಲ್ಲಿ, ಆಮೇಲೆ ಎಣ್ಣೆಯಲ್ಲಿ ಅದ್ದಿ ತೋರಿಸಿದರೆ ಸಾಕು, ಸಮುದ್ರದಲ್ಲಿ ಎಣ್ಣೆ ಚೆಲ್ಲಿದಾಗ ಹಕ್ಕಿಗಳಿಗೆ ಏನಾಗುತ್ತದೆಂದು ಹೇಳಲು ಸತ್ತ ಹಕ್ಕಿಯ ಚಿತ್ರವೇ ಬೇಡ.

ಪಠ್ಯದಲ್ಲಿ ಹೇಳುವ ಸಂಗತಿಗಳು ಸರಳವಾಗಿರಲಿ, ಆದರೆ ಸುಳ್ಳಾಗದಿರಲಿ. ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಧ್ವನಿ ಎಷ್ಟೋ ಪಾಠಗಳಲ್ಲಿದೆ. ಹೊಗೆ ಬರುವ ಮೂಲವನ್ನು ಮುಟ್ಟದೆ ಗಿಡ ನೆಟ್ಟರೆ ಹೊಗೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕನ್ನು ಬೇರೆ ಬುಟ್ಟಿಗೆ ಹಾಕಿದರೆ ಅದೆಲ್ಲ ಹೊಸ ವಸ್ತುವಾಗಿ ಮರಳಿ ಬರುತ್ತದೆ ಎಂಬ ಚಿತ್ರವೂ ಸಾಮಾನ್ಯ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಉಂಟಾದ ಸುಮಾರು 35 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ಮರುಬಳಕೆಗೆ ಒಳಗಾದದ್ದು 9 ಶೇಕಡಾ ಮಾತ್ರ. ಹಸಿ ಕಸ, ಒಣ ಕಸ ಬೇರ್ಪಡಿಸುವುದನ್ನು ಕಲಿಸಬೇಕು, ಅನುಮಾನವಿಲ್ಲ. ಆದರೆ ಅದಕ್ಕಿಂತ ಮೊದಲು ‘ಇದು ನಮಗೆ ಬೇಕೇ?’ ಎಂದು ಕೇಳಿಕೊಳ್ಳುವುದನ್ನೂ, ಇರುವುದನ್ನು ದುರಸ್ತಿ ಮಾಡಿ ಬಳಸುವುದನ್ನೂ, ಮುಗಿದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವುದನ್ನೂ ಕಲಿಸಬೇಕು. ಮುರಿದ ಆಟಿಕೆಯನ್ನು ತರಗತಿಯಲ್ಲಿ ಎಲ್ಲರೂ ಸೇರಿ ಸರಿಮಾಡಿದ ಅರ್ಧ ಗಂಟೆಗೆ ಮೂರು ಬಣ್ಣದ ಬುಟ್ಟಿಗಳ ಚಿತ್ರಕ್ಕೆ ಬಣ್ಣ ತುಂಬುವ ಅರ್ಧ ಗಂಟೆಗಿಂತ ಹೆಚ್ಚು ಬೆಲೆಯಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಹೇಳುವ ಮಾತನ್ನು ನೀವು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಸ್ವಚ್ಛತೆಯ ಪಾಠ ಬಹಳ ಬೇಗ ಮನುಷ್ಯರನ್ನು ಕೀಳಾಗಿ ಕಾಣುವ ಪಾಠವಾಗಿಬಿಡುತ್ತದೆ. ‘ಕಸ ಕೊಳಕು’ ಎಂದು ಕಲಿತ ಮಗು, ಕಸ ಎತ್ತುವವರೂ ಕೊಳಕು ಎಂದು ತಾನಾಗಿಯೇ ಮುಂದುವರಿಸುತ್ತದೆ. ಅದೇ ಬೆಂಚಿನಲ್ಲಿ ಕುಳಿತಿರುವ ಇನ್ನೊಂದು ಮಗುವಿನ ತಾಯಿ ತ್ಯಾಜ್ಯ ಆಯುವ ಕೆಲಸದವರಾಗಿರಬಹುದು, ತಂದೆ ಚರಂಡಿಯ ಕೆಲಸಗಾರರಾಗಿರಬಹುದು. ಮರುಬಳಕೆಗೆ ಹೋಗುವ ವಸ್ತುಗಳಲ್ಲಿ ದೊಡ್ಡ ಪಾಲನ್ನು ಅನೇಕ ದೇಶಗಳಲ್ಲಿ ಆರಿಸಿ, ಬೇರ್ಪಡಿಸಿ ಕೊಡುವವರು ಅವರೇ. ಅವರ ಕೆಲಸದ ಜಾಣ್ಮೆಯನ್ನು, ಯಾವ ಪ್ಲಾಸ್ಟಿಕ್ ಯಾವುದೆಂದು ಮುಟ್ಟಿಯೇ ಹೇಳಬಲ್ಲ ಅವರ ತಿಳಿವಳಿಕೆಯನ್ನು ಪಠ್ಯ ಹೆಸರಿಸಬೇಕು. ಅವರನ್ನು ತರಗತಿಗೆ ಗೌರವದಿಂದ ಕರೆಸಿ ಮಕ್ಕಳೊಡನೆ ಮಾತನಾಡಿಸಬೇಕು. ಒಲೆಯ ಹೊಗೆಯ ಪಾಠವೂ ಹಾಗೆಯೇ. ಸೌದೆ, ಇದ್ದಿಲು, ಸೆಗಣಿ, ಸೀಮೆಎಣ್ಣೆಯಂಥ ಇಂಧನಗಳಲ್ಲಿ ಅಡುಗೆ ಮಾಡುವವರು ಜಗತ್ತಿನಲ್ಲಿ ಇಂದಿಗೂ 200 ಕೋಟಿಗೂ ಹೆಚ್ಚು. ಆ ಹೊಗೆ ಕೆಟ್ಟದ್ದು ಎಂದು ಹೇಳಲೇಬೇಕು. ಆದರೆ ಪಾಠ ಕೇಳಿ ಮನೆಗೆ ಹೋದ ಮಗು ತನ್ನ ತಾಯಿಯನ್ನು ಅಪರಾಧಿಯಂತೆ ನೋಡಿದರೆ ನಾವು ಕಲಿಸಿದ್ದು ತಪ್ಪು. ಬೇರೆ ದಾರಿ ಸಿಗದವರಿಗೆ ಹೊಗೆ ಆಯ್ಕೆಯಲ್ಲ, ಅವರ ಮೇಲೆ ಬಿದ್ದ ಹೊರೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರೂ ಆ ತಾಯಂದಿರೇ.

ಹೊಣೆಯ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ‘ನೀವೇ ನಾಳಿನ ಪರಿಸರ ರಕ್ಷಕರು’ ಎಂದು ಆರು ವರ್ಷದವರಿಗೆ ಹೇಳುವ ಮಾತು ಕೇಳಲು ಚೆನ್ನಾಗಿದೆ. ಆದರೆ ಮಗುವಿಗೆ ಕಾರ್ಖಾನೆಯಿಲ್ಲ, ವಾಹನವಿಲ್ಲ, ಮತದ ಹಕ್ಕಿಲ್ಲ, ಮನೆಗೆ ಏನು ಕೊಳ್ಳಬೇಕೆಂದು ತೀರ್ಮಾನಿಸುವ ಅಧಿಕಾರವೂ ಇಲ್ಲ. ನಲ್ಲಿ ನಿಲ್ಲಿಸುವುದು, ದೀಪ ಆರಿಸುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು ಇವೆಲ್ಲ ಒಳ್ಳೆಯ ಅಭ್ಯಾಸಗಳು, ಅವನ್ನು ಅಭ್ಯಾಸಗಳೆಂದೇ ಕಲಿಸೋಣ. ತಾನು ನಲ್ಲಿ ನಿಲ್ಲಿಸಲು ಮರೆತದ್ದರಿಂದ ನದಿ ಬತ್ತಿತು ಎಂಬ ಅಪರಾಧಿ ಭಾವವನ್ನು ಮಾತ್ರ ಬಿತ್ತುವುದು ಬೇಡ, ಅದು ನಿಜವೂ ಅಲ್ಲ.

ಹಾಗಾದರೆ ಯಾರು ಸರಿಮಾಡುತ್ತಾರೆ ಎಂದು ಮಗು ಕೇಳುತ್ತದೆ. ಅದಕ್ಕೆ ಹೇಳಲು ನಮ್ಮ ಬಳಿ ನಿಜವಾದ, ಒಳ್ಳೆಯ ಕಥೆಗಳಿವೆ, ಮತ್ತು ಅವು ಕೆಳಗಿನ ತರಗತಿಗಳ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ. ಸೂರ್ಯನ ಹಾನಿಕಾರಕ ಕಿರಣಗಳನ್ನು ತಡೆಯುವ ಓಝೋನ್ ಪದರ ಅಂಟಾರ್ಕ್ಟಿಕದ ಮೇಲೆ ಪ್ರತಿ ವಸಂತದಲ್ಲೂ ವಿಪರೀತ ತೆಳುವಾಗುತ್ತಿದೆಯೆಂದು ಮೂವರು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು; ಎರಡೇ ವರ್ಷಗಳಲ್ಲಿ, 1987ರ ಸೆಪ್ಟೆಂಬರ್ 16ರಂದು, ಮಾಂಟ್ರಿಯಲ್‌ನಲ್ಲಿ ಆ ಪದರವನ್ನು ತೆಳುವಾಗಿಸುವ ರಾಸಾಯನಿಕಗಳನ್ನು ಕಡಿಮೆ ಮಾಡಲು ದೇಶಗಳು ಒಪ್ಪಂದ ಮಾಡಿಕೊಂಡವು; ಮುಂದೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅದನ್ನು ಒಪ್ಪಿಕೊಂಡವು. ಈಗಿನ ನೀತಿಗಳು ಹೀಗೇ ಮುಂದುವರಿದರೆ ಅಂಟಾರ್ಕ್ಟಿಕದ ಮೇಲಿನ ಪದರ ಸುಮಾರು 2066ರ ಹೊತ್ತಿಗೆ 1980ರ ಸ್ಥಿತಿಗೆ ಮರಳುತ್ತದೆಂದು ವಿಜ್ಞಾನಿಗಳ ಅಂದಾಜು. ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ 1920ರ ದಶಕದಲ್ಲಿ ಆರಂಭವಾಗಿ ಜಗತ್ತಿನಲ್ಲೆಲ್ಲ ಹರಡಿತ್ತು. 2021ರಲ್ಲಿ ಅಲ್ಜೀರಿಯ ಅದನ್ನು ನಿಲ್ಲಿಸುವುದರೊಂದಿಗೆ ವಾಹನಗಳಿಗೆ ಅಂಥ ಪೆಟ್ರೋಲ್ ಮಾರುವ ದೇಶ ಒಂದೂ ಉಳಿಯಲಿಲ್ಲ. 1957ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಜೀವವೇ ಇಲ್ಲವೆಂದು ಘೋಷಿಸಲಾಗಿತ್ತು. ಕೊಳಚೆ ನೀರಿನ ಶುದ್ಧೀಕರಣ ಸುಧಾರಿಸಿದ ಮೇಲೆ ಮೀನುಗಳು ಮರಳಿದವು, ಸೀಲ್‌ಗಳೂ ಕಾಣಿಸಿಕೊಂಡವು. ಈ ಕಥೆಗಳಲ್ಲಿ ಕೆಲಸ ಮಾಡಿದವರು ದೊಡ್ಡವರು. ಅವರು ಅಳತೆ ಮಾಡಿದರು, ವಾದಿಸಿದರು, ಕಾನೂನು ಮಾಡಿದರು, ಹಣ ಖರ್ಚು ಮಾಡಿದರು. ದೊಡ್ಡವರು ಒಟ್ಟಾಗಿ ಕುಳಿತು ತಮ್ಮ ತಪ್ಪನ್ನು ತಿದ್ದಿಕೊಳ್ಳಬಲ್ಲರು ಎಂದು ತಿಳಿದ ಮಗುವಿಗೆ ಸಿಗುವ ಧೈರ್ಯ ಯಾವ ಘೋಷಣೆಯಿಂದಲೂ ಸಿಗದು. ಎಲ್ಲವೂ ಸರಿಯಾಗಿದೆ ಎಂದು ಇದರಿಂದ ಯಾರೂ ತಿಳಿಯುವುದಿಲ್ಲ. ಹಳೆಯ ಮಣ್ಣಿನಲ್ಲಿ, ಬಣ್ಣಗಳಲ್ಲಿ, ಬ್ಯಾಟರಿಗಳಲ್ಲಿ ಸೀಸ ಇನ್ನೂ ಇದೆ ಎಂಬುದನ್ನೂ ಅದರ ಜೊತೆಗೇ ಹೇಳಬಹುದು.

ದೊಡ್ಡವರಲ್ಲಿ ಮಗುವಿಗೆ ಅತಿ ಹತ್ತಿರದವರು ಶಾಲೆಯವರು. ಪಾಠದಲ್ಲಿ ‘ಕಸ ಸುಡಬಾರದು’ ಎಂದಿದ್ದು, ಕಟ್ಟಡದ ಹಿಂದೆ ಒಣ ಎಲೆಯನ್ನೂ ಪ್ಲಾಸ್ಟಿಕ್ಕನ್ನೂ ಸೇರಿಸಿ ಸುಡುತ್ತಿದ್ದರೆ ಮಗು ಕಲಿಯುವುದು ಎರಡನೆಯದನ್ನು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಂಜಿನ್ ಆರಿಸದೆ ನಿಂತ ವಾಹನಗಳ ಸಾಲಿನ ನಡುವೆ, ‘ಗಾಳಿಯನ್ನು ಉಳಿಸಿ’ ಎಂಬ ಫಲಕ ಹಿಡಿಸಿ ಮಕ್ಕಳನ್ನು ಮೆರವಣಿಗೆ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಅರ್ಧ ಗಂಟೆಯ ಹೊಗೆ ಇಳಿಯುವುದು ಅವರ ಶ್ವಾಸಕೋಶಕ್ಕೇ. ಜೂನ್ 5ರ ಪರಿಸರ ದಿನವನ್ನು 1973ರಿಂದ ಜಗತ್ತು ಆಚರಿಸುತ್ತಿದೆ. ಅಂದು ಥರ್ಮೋಕೋಲ್ ಮಾದರಿಗಳು, ಪ್ಲಾಸ್ಟಿಕ್ ಮಿನುಗು ಹಚ್ಚಿದ ಭಿತ್ತಿಚಿತ್ರಗಳು, ಬಲೂನುಗಳು, ಫ್ಲೆಕ್ಸ್ ಫಲಕಗಳು ತಯಾರಾಗಿ ಮರುದಿನ ಕಸವಾಗುತ್ತವೆ. ಅತಿಥಿಗಳು ನೆಟ್ಟ ಸಸಿಗೆ ಆಮೇಲೆ ನೀರು ಹಾಕುವವರಿರುವುದಿಲ್ಲ. ಕಾಟಾಚಾರದ ಈ ಒಂದು ದಿನದ ಬದಲು, ಒಣ ಎಲೆಗೆ ಒಂದು ಗೊಬ್ಬರದ ಗುಂಡಿ, ಸೋರದ ನಲ್ಲಿ, ಗೇಟಿನ ಮುಂದೆ ಎಂಜಿನ್ ಆರಿಸಬೇಕೆಂಬ ನಿಯಮ, ಸೀಸವಿಲ್ಲದ ಬಣ್ಣ ಬಳಿದ ಗೋಡೆ ಮತ್ತು ಆಟದ ಸಾಮಾನು ಇಷ್ಟನ್ನು ಪ್ರತಿ ಶಾಲೆಗೂ ಕಡ್ಡಾಯ ಮಾಡಿ. ಸ್ವಚ್ಛತಾ ಅಭಿಯಾನದ ಹೆಸರಿನಲ್ಲಿ ಎಳೆಯರಿಂದ ಬರಿಗೈಯಲ್ಲಿ ಬೀದಿಯ ಕಸ ಎತ್ತಿಸುವುದನ್ನು ನಿಷೇಧಿಸಿ; ಒಡೆದ ಗಾಜು, ಸೂಜಿ, ಬ್ಯಾಟರಿಗಳಿರುವ ಕಸಕ್ಕೆ ಅವರ ಕೈ ಹೋಗಬಾರದು.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮಾಲಿನ್ಯದಲ್ಲಿ ಎಷ್ಟು ವಿಧ?’ ಎಂದು ಕೇಳಿ, ವಾಯು, ಜಲ, ನೆಲ, ಶಬ್ದ ಎಂಬ ಗಿಣಿಪಾಠಕ್ಕೆ ಅಂಕ ಕೊಡುವ ಪದ್ಧತಿ ಕೆಳಗಿನ ತರಗತಿಗಳಿಂದ ಹೋಗಲಿ. ಮಗು ತನ್ನ ಮರದ ಬಗ್ಗೆ ಬಿಡಿಸಿದ ಚಿತ್ರಗಳು, ಹೇಳಿದ ಮಾತುಗಳು, ಕೇಳಿದ ಪ್ರಶ್ನೆಗಳು ಇವನ್ನು ವರ್ಷವಿಡೀ ಸಂಗ್ರಹಿಸಿಟ್ಟರೆ ಅದೇ ಮೌಲ್ಯಮಾಪನವಾಗುತ್ತದೆ.

ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. 1977ರಲ್ಲಿ ಈಗಿನ ಜಾರ್ಜಿಯ ದೇಶದ ರಾಜಧಾನಿ ಟ್ಬಿಲಿಸಿಯಲ್ಲಿ ಯುನೆಸ್ಕೋ ನಡೆಸಿದ ಪರಿಸರ ಶಿಕ್ಷಣದ ಸಮ್ಮೇಳನವು ಅರಿವು ಮತ್ತು ಜ್ಞಾನಗಳ ಜೊತೆಗೆ ಮನೋಭಾವ, ಕೌಶಲ, ಭಾಗವಹಿಸುವಿಕೆ ಇವನ್ನೂ ಗುರಿಗಳೆಂದು ಹೇಳಿತ್ತು. ನಮ್ಮ ಪಠ್ಯಗಳು ಮೊದಲೆರಡರಲ್ಲೇ ನಿಂತುಬಿಟ್ಟಿವೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೆಯ ವಿಧಿ, ನಿಸರ್ಗದ ಬಗ್ಗೆ ಗೌರವ ಬೆಳೆಸುವುದು ಶಿಕ್ಷಣದ ಉದ್ದೇಶಗಳಲ್ಲೊಂದು ಎನ್ನುತ್ತದೆ. ಅದು ಹೇಳುವುದು ಗೌರವ ಎಂದು, ಭಯ ಎಂದಲ್ಲ. ಅದೇ ಒಡಂಬಡಿಕೆಯ 12ನೆಯ ವಿಧಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಡುತ್ತದೆ, ಮತ್ತು ಮಕ್ಕಳ ಹಕ್ಕುಗಳ ಸಮಿತಿ 2023ರಲ್ಲಿ ಪರಿಸರವನ್ನು ಕುರಿತೇ ಹೊರಡಿಸಿದ ತನ್ನ 26ನೆಯ ಸಾಮಾನ್ಯ ವ್ಯಾಖ್ಯಾನದಲ್ಲಿ ಮಕ್ಕಳ ಮಾತನ್ನು ಆಲಿಸುವ ಕರ್ತವ್ಯವನ್ನು ಸರಕಾರಗಳಿಗೆ ನೆನಪಿಸಿದೆ.

ಆದ್ದರಿಂದ ಕೊನೆಯದಾಗಿ ಎರಡು ಕೋರಿಕೆಗಳು. ಪಠ್ಯವನ್ನು ಮುಂದೆ ಪರಿಷ್ಕರಿಸುವಾಗ ಪರಿಸರ ಪಾಠಗಳ ಕರಡನ್ನು ಮುದ್ರಣಕ್ಕೆ ಕಳುಹಿಸುವ ಮೊದಲು ಕೆಳಗಿನ ತರಗತಿಗಳ ಶಿಕ್ಷಕರಿಗೆ ಕಳುಹಿಸಿ. ಅವರು ಅದನ್ನು ಮಕ್ಕಳಿಗೆ ಓದಿ ಹೇಳಿ, ಮಕ್ಕಳು ಎಲ್ಲಿ ಹೆದರಿದರು, ಎಲ್ಲಿ ಪ್ರಶ್ನೆ ಕೇಳಿದರು, ಎಲ್ಲಿ ಆಕಳಿಸಿದರು ಎಂಬುದನ್ನು ಬರೆದು ತಿಳಿಸಲಿ. ಇನ್ನೊಂದು, ತರಗತಿಯಲ್ಲಿ ಹುಟ್ಟುವ ಪ್ರಶ್ನೆಗಳನ್ನು ಸ್ಥಳೀಯ ಆಡಳಿತಕ್ಕೆ ಪತ್ರವಾಗಿ ಕಳುಹಿಸುವ ವ್ಯವಸ್ಥೆಯನ್ನು ಪಠ್ಯಕ್ರಮದ ಭಾಗವಾಗಿಸಿ, ಆ ಪತ್ರಗಳಿಗೆ ಮಕ್ಕಳಿಗೆ ಅರ್ಥವಾಗುವ ಭಾಷೆಯಲ್ಲಿ, ಸಹಿ ಹಾಕಿದ ಉತ್ತರ ಬರುವಂತೆ ನಿಯಮ ಮಾಡಿ. ‘ನಮ್ಮ ಶಾಲೆಯ ಹಿಂದಿನ ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ?’ ಎಂದು ಬರೆದ ಮಗುವಿಗೆ ಆ ಉತ್ತರ ವರ್ಷ ಮುಗಿಯುವುದರೊಳಗೆ, ಅದು ಅದೇ ತರಗತಿಯಲ್ಲಿರುವಾಗಲೇ ತಲುಪಬೇಕು.

ಇಂತು ತಮ್ಮ ವಿಶ್ವಾಸಿ,
ಪುಟ್ಟ ಮಕ್ಕಳ ಶಿಕ್ಷಕಿ